ಆರನೆಯ ದಿನದ ಕೋತಿಗಳು

ಹೋದ ವಾರ ಅಲ್ ಕುಸೈಸ್‌ನಲ್ಲಿ ರವಿಕೆ ಹೊಲಿಯಲು ಕೊಡಲೆಂದು ಹೊರಟವಳು ಎಂದಿನಂತೆ ದಾರಿ ತಪ್ಪಿದೆ. ದುಬೈಗೆ ಬಂದು ಹದಿನಾಲ್ಕು ವರ್ಷವಾದರೂ ನನಗೆ ಇಲ್ಲಿನ ಕಟ್ಟಡಗಳೆಲ್ಲ ಒಂದೇ ಥರ ಕಾಣುತ್ತವೆ. ದರ್ಜಿಯ ಅಂಗಡಿ ಇದೇ ಓಣಿಯಲ್ಲಿ ಎಂದು ಧೈರ್ಯವಾಗಿ ತಿರುಗಿದೆ. ದರ್ಜಿ ಇರಲಿಲ್ಲ. ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಂದ ಬಿಸಿ ಕಾಗದದ ವಾಸನೆ ಬಂತು. ಆ ವಾಸನೆಯಿಂದಲೇ ಎಲ್ಲಿ ನಿಂತಿದ್ದೇನೆ ಎಂದು ಗೊತ್ತಾಯಿತು. ಅದು ಸರಕಾರಿ ಅರ್ಜಿಗಳನ್ನು ಟೈಪು ಮಾಡಿಕೊಡುವ ಟೈಪಿಂಗ್ ಸೆಂಟರು. ಅದರ ಪಕ್ಕದಲ್ಲಿ ನಮ್ಮ ಟ್ರಾವೆಲ್ ಆಫೀಸು ಇತ್ತು. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನು ಕೂರುತ್ತಿದ್ದ ಜಾಗದಲ್ಲಿ ಒಬ್ಬ ಹುಡುಗಿ ಕೂತು ಯಾರದೋ ಫೋನಿನ ಗಾಜಿಗೆ ಪ್ಲಾಸ್ಟಿಕ್ ಅಂಟಿಸುತ್ತಿದ್ದಳು. ಏನು ಬೇಕೆಂದು ಕೇಳಿದಳು. ಬೇಡದ ಒಂದು ಕವರು ಕೊಂಡು ಹೊರಗೆ ಬಂದೆ.

ಮೂರು ವರ್ಷದ ಹಿಂದಿನ ಆ ಬೇಸಗೆಯನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ, ಅದರಲ್ಲಿ ನಾನು ಮಾಡಿದ್ದು ತಪ್ಪೋ, ಮಾಡದೆ ಉಳಿದದ್ದು ತಪ್ಪೋ ಎಂದು ಗೊಂದಲವಾಗಿ ಅರ್ಧಕ್ಕೇ ನಿಲ್ಲಿಸಿದ್ದೇನೆ.

ಊರಿನಲ್ಲಿ, ಕಾರ್ಕಳದ ಹತ್ತಿರ, ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮಗ ಸ್ವಲ್ಪ ದೊಡ್ಡವನಾದಾಗ ಈ ಕೆಲಸ ಸಿಕ್ಕಿತು. ಆಫೀಸಿನ ಯಜಮಾನರು ಡೊಲ್ಫಿ ಸರ್, ಬೆಳ್ಮಣ್ ಕಡೆಯ ಕೊಂಕಣಿಯವರು. ಆಫೀಸಿನಲ್ಲಿದ್ದದ್ದು ನಾವಿಬ್ಬರೇ. ಅವರು ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು, ಬಂದವರೂ ಹಾಗೆಯೇ ಕರೆದರು. ನನ್ನ ಹೆಸರು ಸುಮತಿ ಎಂದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ನನ್ನ ಕೆಲಸ ಐಟಿನರಿ ಬರೆಯುವುದು. ಯುರೋಪಿನ ವೀಸಾಕ್ಕೆ ಅರ್ಜಿ ಹಾಕುವವರು ಮೊದಲ ದಿನ ಎಲ್ಲಿ, ಎರಡನೆಯ ದಿನ ಏನು ನೋಡುತ್ತೀರಿ ಎಂದು ದಿನದಿನದ ಪಟ್ಟಿ ಕೊಡಬೇಕು. ಆದರೆ ನಮ್ಮವರು ಆಫೀಸಿಗೆ ಬಂದು ಹೇಳುವುದು ಎರಡೇ ಮಾತು: 'ಸ್ಪೇನ್. ಮಕ್ಕಳಿಗೆ ಖುಷಿಯಾಗ್ಬೇಕು.' ಉಳಿದದ್ದನ್ನು ನಾನು ತುಂಬುತ್ತಿದ್ದೆ. ಸ್ಪೇನಿನ ದಕ್ಷಿಣ ಕರಾವಳಿಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ನೋಡಿ, ಮಲಗಾ ಪೇಟೆಯ ಕೋಟೆ, ಗುಡ್ಡಕ್ಕೆ ಹೋಗುವ ಕೇಬಲ್ ಕಾರು, ಚಿಟ್ಟೆಗಳ ಉದ್ಯಾನ, ನೀರಾಟದ ಪಾರ್ಕು, ಗುಹೆ ಎಲ್ಲವನ್ನೂ ಒಂದೊಂದು ದಿನಕ್ಕೆ ಹಂಚುತ್ತಿದ್ದೆ. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಹೋಗುವ ದಾರಿ ಕೇಳುವ ಹೆಂಗಸು ಇನ್ನೊಂದು ಖಂಡದಲ್ಲಿ ಜನರನ್ನು ಓಡಾಡಿಸುತ್ತಿದ್ದಳು! ಡೊಲ್ಫಿ ಸರ್ ಸಮಾಧಾನ ಹೇಳುತ್ತಿದ್ದರು: 'ಅದು ಫೈಲಿಗೆ ಟೀಚರ್. ಅಲ್ಲಿ ಹೋದ ಮೇಲೆ ಯಾರಿಗೆ ಬೇಕು ನಿಮ್ಮ ಪೇಪರ್? ಬೀಚಿನಲ್ಲಿ ಬಿದ್ಕೊಳ್ತಾರೆ, ಫೋಟೋ ತೆಗೀತಾರೆ, ಖಲಾಸ್.'

ಅದು ನಿಜವೂ ಆಗಿತ್ತು. ನಾನು ಬರೆದ ಪಟ್ಟಿಯಂತೆ ಯಾರೂ ಒಂದು ದಿನವೂ ನಡೆದವರಲ್ಲ. ಹಮೀದ್ ಭಾಯ್ ಬರುವ ತನಕ.

ಅವರು ಬಂದದ್ದು ಮಾರ್ಚ್ ಕೊನೆಯಲ್ಲಿ. ಹಾದಿಯಲ್ಲಿ ಧೂಳುಗಾಳಿ ಎದ್ದು ಎದುರಿನ ಸೂಪರ್ ಮಾರ್ಕೆಟ್ಟಿನ ಬೋರ್ಡೂ ಕಾಣದ ದಿನ. ಬಾಗಿಲು ತಳ್ಳಿ ಒಳಗೆ ಬಂದು, ಚಪ್ಪಲಿ ತೆಗೆಯಬೇಕೋ ಬೇಡವೋ ಎಂದು ಅನುಮಾನಿಸುತ್ತ ನಿಂತರು. ಅಬುಧಾಬಿ ಕಡೆಯ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಮನೆ ಬನಿಯಾಸ್‌ನಲ್ಲಿ. ಅಬುಧಾಬಿಯಲ್ಲಿ ಬೀದಿಗೆ ನಾಲ್ಕು ಟ್ರಾವೆಲ್ ಆಫೀಸುಗಳಿದ್ದರೂ, ಡೊಲ್ಫಿ ಸರ್ ಊರಿನವರು ಎಂಬ ಒಂದೇ ಕಾರಣಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು. ಹೆಂಡತಿ ಝುಬೈದಾ, ಮಗಳು ಅಫ್ರಾ ಜೊತೆಗಿದ್ದರು. ಅಫ್ರಾಳ ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಯುತ್ತ ಬಂದಿತ್ತು.

'ಎಲ್ಲಿಗೆ ಹೋಗುವ ಯೋಚನೆ?' ಎಂದು ಕೇಳಿದೆ.

'ಎಲ್ಲಿಗಾದ್ರೂ ಟೀಚರೇ. ಮೂರು ಜನ ಒಟ್ಟಿಗೆ ಹೋಗ್ಬೇಕು, ಅಷ್ಟೇ,' ಎಂದರು ಹಮೀದ್ ಭಾಯ್.

'ಎಲ್ಲಿಗಾದರೂ ಅಂತ ವೀಸಾ ಕೊಡೋದಿಲ್ಲ ಭಾಯ್.'

'ಇವರಿಗೆ ಗೊತ್ತಿರೋದು ಎರಡೇ ದಾರಿ,' ಎಂದು ಝುಬೈದಾ ನಡುವೆ ಬಾಯಿ ಹಾಕಿದರು. 'ಮುಸಫ್ಫಾ, ಮತ್ತೆ ಮಂಗ್ಳೂರ್ ಏರ್‌ಪೋರ್ಟ್. ನೀವೇ ಎಂತಾದ್ರೂ ಹೇಳಿ ಟೀಚರೇ.'

ಅಫ್ರಾ ಫೋನಿನಿಂದ ತಲೆ ಎತ್ತದೆ, 'ಸಮ್‌ವೇರ್ ವಿತ್ ಅ ಬೀಚ್ ವೇರ್ ವಿ ಡೋಂಟ್ ನೋ ಎನಿಬಡಿ,' ಎಂದಳು.

ಮಾತು ಬೆಳೆದಂತೆ ವಿಷಯ ತಿಳಿಯಿತು. ಆಗಸ್ಟಿನಲ್ಲಿ ಅಫ್ರಾ ಕಾಲೇಜು ಸೇರಲು ಊರಿಗೆ ಹೋಗುತ್ತಾಳೆ. ಹುಡುಗಿ ಒಬ್ಬಳೇ ಹೇಗಿರುವುದು, ಝುಬೈದಾ ಕೂಡ ಜೊತೆಗೆ. ಫ್ಲ್ಯಾಟು ಬಿಟ್ಟು ಹಮೀದ್ ಭಾಯ್ ಕಂಪನಿಯ ಕ್ಯಾಂಪಿಗೆ ಹೋಗುತ್ತಾರೆ. ಇಲ್ಲಿ ಇದನ್ನು ಫ್ಯಾಮಿಲಿ ಕಳಿಸುವುದು ಎನ್ನುತ್ತಾರೆ, ಪಾರ್ಸೆಲ್ ಕಳಿಸಿದಷ್ಟೇ ಸುಲಭವಾಗಿ. ಇನ್ನು ಅವರು ಮೂವರೂ ಒಟ್ಟಿಗಿರುವುದು ವರ್ಷಕ್ಕೊಂದು ತಿಂಗಳು, ಅದೂ ನೆಂಟರಿಷ್ಟರ ಗದ್ದಲದಲ್ಲಿ. ಹದಿನೆಂಟು ವರ್ಷ ರಜೆಯೆಲ್ಲ ಊರಿಗೇ ಮೀಸಲಾಗಿತ್ತು. ಆದ್ದರಿಂದ ಈ ಹತ್ತು ದಿನ ಮೂವರಿಗೆ ಮಾತ್ರ, ಗುರುತಿನವರು ಯಾರೂ ಸಿಗದ ಜಾಗದಲ್ಲಿ. ಇಷ್ಟನ್ನು ಹೇಳಿ ಹಮೀದ್ ಭಾಯ್ ನನ್ನ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಎತ್ತಿ, ಸರಿಯಿದೆಯೇ ಎಂದು ಒತ್ತಿ ನೋಡಿ, ಮತ್ತೆ ಅಲ್ಲಿಯೇ ಇಟ್ಟರು. ನನಗೆ ಪಾಪ ಎನ್ನಿಸಿತು. ಸ್ಪೇನ್ ಎಂದು ನಾನೇ ಹೇಳಿದೆ.

ಆ ಐಟಿನರಿಯನ್ನು ನಾನು ಬೇರೆಯವುಗಳಿಗಿಂತ ಶ್ರದ್ಧೆಯಿಂದ ಬರೆದೆ, ಅದೇ ಮುಳುವಾಯಿತು. ಉಳಿದ ದಿನಗಳೆಲ್ಲ ತುಂಬಿದವು, ಆರನೆಯದು ಮಾತ್ರ ಖಾಲಿ ಉಳಿಯಿತು. ಹುಡುಕುತ್ತಿದ್ದಾಗ ಒಂದು ಚಿತ್ರ ಸಿಕ್ಕಿತು: ಕಡಲಿಗೆ ಚಾಚಿದ ದೊಡ್ಡ ಬಂಡೆ, ಅದರ ಮೇಲೆ ಬಾಲವಿಲ್ಲದ ಕೋತಿಗಳು ಕುಟುಂಬ ಸಮೇತ ಕೂತಿವೆ. ಹೆಸರು ಜಿಬ್ರಾಲ್ಟರ್. ಅದೇ ಕರಾವಳಿ, ಮಲಗಾದಿಂದ ಮೂರು ಗಂಟೆ ಬಸ್ಸು. ಅದು ಬ್ರಿಟಿಷರ ಆಡಳಿತದ ಜಾಗ ಎಂದು ಕೂಡ ಓದಿದೆ. ಓದಿ ನನಗೆ ಹೊಳೆದದ್ದು ಮಧಾ.

ಇಲ್ಲಿ ಖೋರ್ ಫಕ್ಕಾನ್ ಕಡೆಗೆ ಪಿಕ್ನಿಕ್ ಹೋದವರಿಗೆಲ್ಲ ಮಧಾ ಗೊತ್ತು. ಎಮಿರೇಟ್ಸ್‌ನ ನಡುವೆ ಒಮಾನಿಗೆ ಸೇರಿದ ಒಂದು ಚೂರು ಜಾಗ. ಗೇಟಿಲ್ಲ, ಪೊಲೀಸರಿಲ್ಲ. ಕಾರು ಒಳಗೆ ಹೋದಾಗ ಫೋನು ಟಿಣ್ಣೆಂದು ಒಮಾನಿಗೆ ಸ್ವಾಗತ ಎನ್ನುತ್ತದೆ, ಹೊರಗೆ ಬಂದಾಗ ಮತ್ತೊಮ್ಮೆ ಟಿಣ್ಣೆನ್ನುತ್ತದೆ. ನಾವು ಅಲ್ಲಿ ಮರದ ಕೆಳಗೆ ಚಾಪೆ ಹಾಸಿ ಚಿತ್ರಾನ್ನ ತಿಂದು ಬಂದಿದ್ದೇವೆ, ಪಾಸ್‌ಪೋರ್ಟ್ ಮನೆಯ ಕಪಾಟಿನಲ್ಲಿತ್ತು. ಒಂದು ದೇಶದ ಹೊಟ್ಟೆಯೊಳಗೆ ಇನ್ನೊಂದು ದೇಶ ಎಂದರೆ ಇಷ್ಟೇ ಎಂದು ನಾನು ತಿಳಿದಿದ್ದೆ. ಆರನೆಯ ದಿನ: ಬೆಳಿಗ್ಗೆ ಬಸ್ಸಿನಲ್ಲಿ ಜಿಬ್ರಾಲ್ಟರ್, ಕೋತಿಗಳನ್ನು ನೋಡುವುದು, ಸಂಜೆ ವಾಪಸ್. ಹಾಗೆಂದು ಇಂಗ್ಲಿಷಿನಲ್ಲಿ ಚೆಂದವಾಗಿ ಟೈಪು ಮಾಡಿದೆ.

ವೀಸಾದವರು ಅದನ್ನು ಓದಿದರೋ ಇಲ್ಲವೋ ದೇವರಿಗೇ ಗೊತ್ತು. ಜೂನ್‌ನಲ್ಲಿ ಮೂವರಿಗೂ ವೀಸಾ ಬಂತು, ಒಮ್ಮೆ ಮಾತ್ರ ಒಳಗೆ ಹೋಗಬಹುದಾದ ವೀಸಾ. ಪಾಸ್‌ಪೋರ್ಟ್ ಒಯ್ಯಲು ಹಮೀದ್ ಭಾಯ್ ಒಬ್ಬರೇ ಬಂದರು. ಐಟಿನರಿಯ ಪ್ರತಿಯನ್ನು ಎರಡು ಸಲ ಓದಿ, ಪ್ರತಿ ದಿನದ ಮುಂದೆ ಸ್ಕೇಲಿಟ್ಟು ಪೆನ್ನಿನಿಂದ ಒಂದು ಚೌಕ ಎಳೆದರು.

'ಇದೆಂತಕ್ಕೆ ಭಾಯ್?'

'ಟಿಕ್ ಮಾಡ್ಲಿಕ್ಕೆ. ನಮ್ಮಲ್ಲಿ ಜಾಬ್ ಕಾರ್ಡ್ ಹೀಗೇ ಅಲ್ವಾ. ಒಂದು ಲೈನ್ ಆದ್ಮೇಲೆ ಟಿಕ್, ಕೊನೆಗೆ ಸೈನ್. ಟಿಕ್ ಬೀಳದೆ ಪೀಸ್ ವರ್ಕ್‌ಶಾಪಿನಿಂದ ಹೊರಗೆ ಹೋಗುವ ಹಾಗಿಲ್ಲ. ಇದಕ್ಕೆ ಸೈನ್ ಯಾರು, ಝುಬೈದಾಳೇ ಹಾಕ್ಬೇಕು.'

ಆಗಲೇ ಹೇಳಬೇಕಿತ್ತು: ಭಾಯ್, ಇದು ಫೈಲಿಗೆ ಬರೆದದ್ದು, ಇದನ್ನು ನಂಬಬೇಡಿ. ಬಾಯಿಯ ತುದಿಗೆ ಬಂದಿತ್ತು. ಆದರೆ ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ನಾನು ಬರೆದದ್ದನ್ನು ಒಬ್ಬರಾದರೂ ಓದಿದರಲ್ಲ! ಊರಿನ ಶಾಲೆಯಲ್ಲಿ ನಾನು ಕರಿಹಲಗೆಯ ಮೇಲೆ ಬರೆದದ್ದನ್ನು ಮಕ್ಕಳು ತಲೆ ಬಗ್ಗಿಸಿ ನೋಟ್ಸಿಗೆ ಇಳಿಸುತ್ತಿದ್ದ ಸುಖ ಮತ್ತೆ ಸಿಕ್ಕಿದ ಹಾಗಾಗಿ, ನಕ್ಕು ಸುಮ್ಮನಾದೆ.

ಜುಲೈ ಎಂದರೆ ಇಲ್ಲಿ ಬಿಸಿಲಿಗೆ ತಲೆ ಕೊಡುವ ಹಾಗಿಲ್ಲ. ನಲ್ಲಿಯ ತಣ್ಣೀರೂ ಕೈ ಸುಡುತ್ತದೆ. ಆಫೀಸಿನ ಏಸಿ ಗೊರಗೊರ ಎನ್ನುತ್ತಿತ್ತು, ಗಿರಾಕಿಗಳೆಲ್ಲ ಊರಿಗೆ ಹೋಗಿದ್ದರು. ದಿನಕ್ಕೊಮ್ಮೆ ಸ್ಪೇನಿನಿಂದ ಹಮೀದ್ ಭಾಯ್ ಫೋನು ಬರತೊಡಗಿತು. ಅವರು ನನಗೆ ವರದಿ ಒಪ್ಪಿಸುತ್ತಿದ್ದರು.

'ಟೀಚರೇ, ಕೇಬಲ್ ಕಾರ್ ಆಯ್ತು. ಝುಬೈದಾ ಕಣ್ಣು ಮುಚ್ಚಿ ಕೂತಿದ್ಳು, ಆದ್ರೂ ಟಿಕ್ ಹಾಕಿದ್ದೇನೆ.' 'ಟೀಚರೇ, ಗುಹೆ ಭಾರೀ ಉಂಟು. ಒಳಗೆ ತಂಪು, ನಮ್ಮ ಫ್ಲ್ಯಾಟಿನ ಏಸಿಗಿಂತ ಒಳ್ಳೆದು.' ಚಿಟ್ಟೆಯೊಂದು ಅಫ್ರಾಳ ಮೂಗಿನ ಮೇಲೆ ಕೂತ ಚಿತ್ರ ಬಂತು. ಬಿಳಿ ಸುಣ್ಣದ ಮನೆಗಳ ಗುಡ್ಡದೂರಿನ ಮೆಟ್ಟಿಲ ಮೇಲೆ ಝುಬೈದಾ ಬೂಟು ಕಳಚಿ ಕಾಲು ತಿಕ್ಕಿಕೊಳ್ಳುತ್ತಿದ್ದ ಚಿತ್ರ ಬಂತು. ಊಟಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ಉತ್ಸಾಹದಿಂದ ಹೇಳಿದರು: 'ಇಲ್ಲಿ ಬೀಚಿನ ಮರಳಿನಲ್ಲಿ ಹಳೇ ದೋಣಿ ಇಟ್ಟು, ಅದರಲ್ಲಿ ಕೆಂಡ ಹಾಕಿ, ಕಡ್ಡಿಗೆ ಚುಚ್ಚಿ ಮೀನು ಸುಡ್ತಾರೆ. ಎಂತ ಮೀನು ಗೊತ್ತುಂಟಾ? ನಮ್ಮ ಬೂತಾಯಿ ಮಾರ್ರೆ! ಮಸಾಲೆ ಇಲ್ಲ, ಬರೀ ಉಪ್ಪು. ಝುಬೈದಾ ಬ್ಯಾಗಿನಿಂದ ಮೆಣಸಿನ ಹುಡಿ ತೆಗೆದಳು.'

ಎರಡನೆಯ ದಿನ ಮಾತ್ರ ಒಂದು ಎಡವಟ್ಟಾಗಿತ್ತು. ಮಲಗಾದ ಕೋಟೆಯ ಕೆಳಗೆ ಸಂಜೆ ಏಳು ಗಂಟೆಗೆ ಸೂರ್ಯಾಸ್ತ ನೋಡುವುದು ಎಂದು ಬರೆದಿದ್ದೆ. ದುಬೈಯಲ್ಲಿ ಏಳಕ್ಕೆ ಮುಳುಗುವ ಸೂರ್ಯ ಅಲ್ಲಿಯೂ ಏಳಕ್ಕೇ ಮುಳುಗಬೇಕು ಎಂಬುದು ನನ್ನ ಲೆಕ್ಕ. ಅಲ್ಲಿ ಬೇಸಗೆಯಲ್ಲಿ ಅವನು ಮುಳುಗುವುದು ಒಂಬತ್ತೂವರೆಯ ಮೇಲೆ. ಮೂವರೂ ಏಳರಿಂದ ಒಂದೇ ಕಡೆ ಕೂತು ಕಾದರು. 'ಮಗ್ರಿಬ್ ನಮಾಜಿನ ಟೈಮ್ ಆಗೋದೇ ಇಲ್ಲ ಟೀಚರೇ, ಇಲ್ಲಿನ ಸೂರ್ಯನಿಗೆ ಓವರ್‌ಟೈಮ್ ಉಂಟಾ ಎಂತ?' ಎಂದು ಅವರು ನಕ್ಕರು. ಕಾಯದೆ ಎದ್ದುಹೋಗಬಹುದಿತ್ತಲ್ಲ ಎಂದೆ. ಟಿಕ್ ಹಾಕದೆ ಹೇಗೆ ಎಂದರು. ಆಗ ನಾನೂ ನಕ್ಕೆ. ಇನ್ನು ಮುಂದೆ ಏನು ಕಾದಿದೆ ಎಂದು ಒಂದು ಕ್ಷಣವಾದರೂ ಯೋಚಿಸಲಿಲ್ಲ.

ಆರನೆಯ ದಿನ ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆ, ಅವರಲ್ಲಿ ಹನ್ನೊಂದು. ಬುತ್ತಿ ಬಿಚ್ಚಿದ್ದೆ. ಫೋನು ಬಂತು, ಮಾತಾಡಿದ್ದು ಅಫ್ರಾ.

'ಆಂಟಿ, ದೇ ಆರ್ ಸೇಯಿಂಗ್ ಅವರ್ ವೀಸಾ ಈಸ್ ಫಿನಿಶ್ಡ್. ಈಸ್ ಇಟ್ ಫಿನಿಶ್ಡ್?'

ನನಗೆ ತಲೆಬುಡ ಅರ್ಥವಾಗಲಿಲ್ಲ. ಹಮೀದ್ ಭಾಯ್ ಫೋನು ತೆಗೆದುಕೊಂಡು ಹೇಳಿದರು. ಸ್ಪೇನಿನ ಗೇಟಿನಲ್ಲಿ ಪಾಸ್‌ಪೋರ್ಟಿಗೆ ಹೊರಗೆ ಹೋದ ಮುದ್ರೆ ಹಾಕಿದರು. ಸ್ವಲ್ಪ ಮುಂದೆ ನಡೆದರೆ ಜಿಬ್ರಾಲ್ಟರಿನವರ ಗೇಟು. ಅವರು ನಿಮ್ಮ ವೀಸಾ ಇಲ್ಲಿಗೆ ಸಲ್ಲುವುದಿಲ್ಲ, ಹಿಂದೆ ಹೋಗಿ ಎಂದರು. ಹಿಂದೆ ಬಂದರೆ ಸ್ಪೇನಿನವರು ನಿಮ್ಮದು ಒಂದೇ ಸಲದ ವೀಸಾ, ಮುಗಿಯಿತು, ಒಳಗೆ ಬಿಡುವ ಹಾಗಿಲ್ಲ ಎಂದರು. ಮೂವರೂ ಎರಡು ಗೇಟುಗಳ ನಡುವೆ ಬಿಸಿಲಲ್ಲಿ ನಿಂತಿದ್ದರು. ಬಟ್ಟೆಬರೆಯೆಲ್ಲ ಹೋಟೆಲಿನಲ್ಲಿ, ವಾಪಸಿನ ವಿಮಾನ ಮಲಗಾದಿಂದ.

'ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನಾವೀಗ ಯಾವ ದೇಶದಲ್ಲಿದ್ದೇವೆ ಟೀಚರೇ?' ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳುತ್ತಿದ್ದರು.

ಅಲ್ಲಿನ ನಿಯಮ ಈಗ ಬದಲಾಗಿದೆಯೆಂದು ಯಾರೋ ಹೇಳಿದರು, ಇರಬಹುದು. ಆಗ ಹಾಗಿತ್ತು, ನಾನು ಅದನ್ನು ನೋಡಿರಲಿಲ್ಲ. ಮಧಾದಲ್ಲಿ ತಿಂದ ಚಿತ್ರಾನ್ನವನ್ನು ನಂಬಿ ಮೂರು ಜನರನ್ನು ಎರಡು ದೇಶಗಳ ನಡುವೆ ನಿಲ್ಲಿಸಿದ್ದೆ. ಹೀಗೇ ವಾಪಸ್ ಕಳಿಸಿಬಿಟ್ಟರೆ? ಪಾಸ್‌ಪೋರ್ಟಿನಲ್ಲಿ ಕಪ್ಪುಚುಕ್ಕೆ ಬಿದ್ದು, ಕಂಪನಿಯಲ್ಲಿ ಕೇಳಿದರೆ? ಉಳಿದ ನಾಲ್ಕು ದಿನಗಳ ಗತಿಯೇನು? ಆ ನಾಲ್ಕು ದಿನ ಅವರಿಗೆ ಎಲ್ಲಿಂದ ಮತ್ತೆ ಸಿಗುತ್ತದೆ?

ಅಳುವಷ್ಟರಲ್ಲಿದ್ದ ನನ್ನ ಕೈಯಿಂದ ಡೊಲ್ಫಿ ಸರ್ ಫೋನು ತೆಗೆದುಕೊಂಡರು. ಅವರ ಮುಖವೂ ಬಿಳುಚಿತ್ತು. ಆಫೀಸಿನ ಲೈಸೆನ್ಸು ನವೀಕರಣದ ತಿಂಗಳು ಅದು, ಒಂದು ದೂರು ಹೋದರೆ ಸಾಕಿತ್ತು.

'ಹಮೀದ್ ಭಾಯ್, ಹೆದರ್ಬೇಡಿ, ನೋಡುವಾ. ಆದ್ರೆ ಆ ಕೋತಿ ಜಾಗಕ್ಕೆ ಹೋಗ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು? ಮಗಳಿಗೆ ತೋರಿಸ್ಬೇಕು ಅಂತ? ನಾವು ಬೇಡ ಅಂದಿದ್ದೆವು, ನೆನಪುಂಟಾ?'

ಹಮೀದ್ ಭಾಯ್, 'ನಾನು ಹೇಳಿದ್ದಾ?' ಎಂದರು. ಮತ್ತೆ, 'ಇರಬಹುದು ಮಾರ್ರೆ,' ಎಂದರು.

ನಾನು ಅಲ್ಲೇ ಕೂತಿದ್ದೆ. ಇಲ್ಲ, ನಾನು ಬರೆದದ್ದು ಎಂದು ಕೂಗಿದ್ದರೆ ಅವರಿಗೆ ಕೇಳಿಸುತ್ತಿತ್ತು. ನಾನು ಬುತ್ತಿಯ ಮುಚ್ಚಳ ಹಾಕಿದೆ.

ಮುಂದಿನ ನಾಲ್ಕು ಗಂಟೆ ನಾನು ಹುಚ್ಚಿಯ ಹಾಗೆ ಕಂಪ್ಯೂಟರಿನಲ್ಲಿ ಹುಡುಕಿದೆ. ಸಿಕ್ಕಸಿಕ್ಕ ಕಚೇರಿಗಳಿಗೆ ಫೋನು ಮಾಡಿದೆ. ಕೊನೆಗೆ ಒಂದು ಕಡೆ ಒಬ್ಬರು ತಾಳ್ಮೆಯಿಂದ ಕೇಳಿ ಹೇಳಿದರು: ಆ ಕಡೆಯವರು ಒಳಗೇ ಬಿಟ್ಟಿಲ್ಲವೆಂದರೆ ಇವರು ಹೊರಗೆ ಹೋದಂತಾಗಲಿಲ್ಲ, ಮುದ್ರೆಯನ್ನು ರದ್ದು ಮಾಡಿ ಎಂದು ಮೇಲಧಿಕಾರಿಯನ್ನು ಕೇಳಲಿ. ಅದನ್ನು ಅಫ್ರಾಳಿಗೆ ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯವಾಗಿ ಹೇಳಿಕೊಟ್ಟೆ, ಅವಳು ಅಲ್ಲಿ ಅಂಜದೆ ಹೇಳಿದಳು. ನನ್ನ ಮಾತು ನಾಟಿತೋ, ಝುಬೈದಾ ಅಳುವುದನ್ನು ನೋಡಿ ಕರುಣೆ ಬಂತೋ ತಿಳಿಯದು. ವಯಸ್ಸಾದ ಒಬ್ಬ ಅಧಿಕಾರಿ ಬಂದು, ಮುದ್ರೆಗಳ ಮೇಲೆ ಗೆರೆ ಎಳೆದು ಮೂವರನ್ನೂ ಒಳಗೆ ಬಿಟ್ಟ. ಅಫ್ರಾ ಹೇಳಿದಾಗ ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಡೊಲ್ಫಿ ಸರ್ ಹತ್ತಿರ ಬಂದು ನಿಂತರು. 'ಟೀಚರ್, ಫೈಲಿನ ಕಾಪಿಯಲ್ಲಿ ಆರನೇ ದಿನ ಬೇರೆ ಮಾಡಿ. ಬೀಚ್, ವಿಶ್ರಾಂತಿ ಅಂತ ಹಾಕಿ.' ಮಾಡಲಾರೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಮಾಡಿದೆ. ಕಾಗದ ಬಿಸಿಬಿಸಿಯಾಗಿ ಹೊರಬಂತು, ಅದನ್ನು ಫೈಲಿಗೆ ಸೇರಿಸಿ ಹಳೆಯದನ್ನು ಹರಿದೆ. ಡೊಲ್ಫಿ ಸರ್ ಕೆಟ್ಟವರಲ್ಲ, ನನ್ನ ಮಗನ ಫೀಸಿಗೆಂದು ಕೇಳದೆಯೇ ಸಂಬಳವನ್ನು ಮುಂಚಿತವಾಗಿ ಕೊಟ್ಟವರು. ಹೆದರಿದ್ದರು, ನಾನೂ ಹೆದರಿದ್ದೆ.

ಆಮೇಲೆ ಸ್ಪೇನಿನಿಂದ ಫೋನು ಬರಲಿಲ್ಲ. ಉಳಿದ ನಾಲ್ಕು ದಿನ ಹಮೀದ್ ಭಾಯ್ ಹೋಟೆಲಿನಿಂದ ಹೊರಗೇ ಹೋಗಲಿಲ್ಲವಂತೆ. ಮತ್ತೆಲ್ಲಾದರೂ ಯಾರಾದರೂ ತಡೆದಾರು ಎಂಬ ಭಯ. ಪಾಸ್‌ಪೋರ್ಟುಗಳನ್ನು ಅಂಗಿಯ ಒಳಗೆ ಇಟ್ಟುಕೊಂಡೇ ಮಲಗುತ್ತಿದ್ದರಂತೆ. ನೀರಾಟದ ಪಾರ್ಕಿಗೆ ತಾಯಿ ಮಗಳು ಇಬ್ಬರೇ ಹೋಗಿ ಅರ್ಧಕ್ಕೇ ಮರಳಿದರು. ಇದನ್ನೆಲ್ಲ ಹಮೀದ್ ಭಾಯ್ ತಾವೇ ಹೇಳಿದರು, ಆಗಸ್ಟಿನಲ್ಲಿ, ಝುಬೈದಾ ಮತ್ತು ಅಫ್ರಾಳ ಮಂಗಳೂರಿನ ಟಿಕೆಟ್ ಒಯ್ಯಲು ಬಂದಾಗ. ಬಯ್ಯುತ್ತಾರೆ, ಬಯ್ಯಲಿ ಎಂದು ನಾನು ಕಾದಿದ್ದೆ. ಅವರು ಕೂತು, ತಲೆ ತಗ್ಗಿಸಿ, 'ನನ್ನಿಂದ ನಿಮಗೆಲ್ಲ ತುಂಬ ತೊಂದರೆ ಆಯ್ತು ಟೀಚರೇ. ಅಷ್ಟು ದೂರ ಕೂತು ನೀವು ಅಷ್ಟು ಮಾಡಿದ್ರಿ. ಆ ಕೋತಿಯ ಮಾತು ನಾನ್ಯಾಕೆ ಹೇಳಿದೆನೋ, ಎಷ್ಟು ನೆನಪು ಮಾಡಿದ್ರೂ ನೆನಪಾಗೋದಿಲ್ಲ,' ಎಂದರು.

ನಾನು ಆಗಲೂ ಹೇಳಲಿಲ್ಲ. ಡೊಲ್ಫಿ ಸರ್ ಎದುರಿಗಿದ್ದರು ಎಂಬುದು ನೆಪ. ಟಿಕೆಟ್ ಕೊಟ್ಟು, ಚಹಾ ತರಿಸಲೇ ಎಂದು ಕೇಳಿದೆ. ಅವರು ಬೇಡವೆಂದರು.

ಮುಂದೆ ಅದು ನನ್ನನ್ನು ಬಿಡಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆಯುತ್ತಿತ್ತು. ಆ ಪಟ್ಟಿ ಬರೆದ ದಿನ ಅವರು ನಿಜವಾಗಿ ಕೋತಿಯ ಮಾತೆತ್ತಿದ್ದರೇ ಎಂದು ನನಗೇ ಅನುಮಾನ ಬರತೊಡಗಿತು. ಬರಬರುತ್ತ ಆ ಸುಳ್ಳು ನನ್ನ ತಲೆಯಲ್ಲೂ ಬೇರು ಬಿಟ್ಟಿತ್ತು. ವರ್ಷದ ಕೊನೆಗೆ ಡೊಲ್ಫಿ ಸರ್ ಆಫೀಸು ಮುಚ್ಚಿ ಊರಿಗೆ ಹೋದರು. ಇನ್ನಾದರೂ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ.

ನನ್ನ ಗಂಡ ಗಣೇಶ ಗೋದಾಮೊಂದರ ಡೆಲಿವರಿ ವ್ಯಾನು ಓಡಿಸುತ್ತಾರೆ. ಡಿಸೆಂಬರಿನ ಒಂದು ಬೆಳಿಗ್ಗೆ ಅವರಿಗೆ ಮುಸಫ್ಫಾಕ್ಕೆ ಲೋಡಿತ್ತು, ನಾನೂ ಹತ್ತಿ ಕೂತೆ. ದಾರಿಯುದ್ದಕ್ಕೂ ಮಂಜು. ಹೇಳಬೇಕಾದ ಮಾತುಗಳನ್ನು ಪಾಠದ ಹಾಗೆ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಗಣೇಶ ನನ್ನ ಕಡೆ ನೋಡಿ, 'ಪರೀಕ್ಷೆಗೆ ಹೋಗುವವರ ಹಾಗೆ ಮಾಡ್ತೀಯಲ್ಲ ಮಾರಾಯ್ತಿ,' ಎಂದು ರೇಗಿಸಿದರು.

ವರ್ಕ್‌ಶಾಪಿನ ಎದುರಿನ ಕೆಫೆಟೇರಿಯಾಕ್ಕೆ ಹಮೀದ್ ಭಾಯ್ ಟೀ ಬಿಡುವಿನಲ್ಲಿ ಬಂದರು. ನೀಲಿ ಕವರಾಲ್, ಕೈಯಲ್ಲಿ ಹೆಲ್ಮೆಟ್ಟು. ಇಳಿದುಹೋಗಿದ್ದರು. ಕ್ಯಾಂಪಿನಲ್ಲಿ ಒಂದು ಕೋಣೆಗೆ ನಾಲ್ಕು ಜನ, ಊಟ ಮೆಸ್ಸಿನದು ಎಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಾಯಿಪಾಠವೆಲ್ಲ ಮರೆತು, ಹೇಳಿಬಿಟ್ಟೆ. ಕೋತಿಯ ಸಾಲು ನಾನು ಬರೆದದ್ದು, ನೀವು ಕೇಳಿರಲಿಲ್ಲ. ಡೊಲ್ಫಿ ಸರ್ ಹೇಳಿದ್ದು ಸುಳ್ಳು, ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ಫೈಲಿನ ಕಾಗದವನ್ನೂ ಬದಲಾಯಿಸಿದೆ. ನಿಮ್ಮ ಹತ್ತು ದಿನವನ್ನು ಹಾಳು ಮಾಡಿದವಳು ನಾನು.

ಅವರು ಟೀ ಕಪ್ಪಿನೊಳಗೆ ನೋಡುತ್ತ ಕೇಳಿದರು. ಮುಖದಲ್ಲಿ ಸಿಟ್ಟು ಬಂತು, ನಾನು ಕಂಡೆ. ಬಂದದ್ದು ಹಾಗೆಯೇ ಸ್ವಲ್ಪ ಹೊತ್ತು ನಿಂತಿತು.

'ಐದು ತಿಂಗಳು ನನ್ನ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಟೀಚರೇ,' ಎಂದರು. 'ಹೇಳಿದ್ದೇ ನೆನಪಿಲ್ಲ ಅಂದ್ರೆ ಎಂತ ಕಾಯಿಲೆಯೋ ಅಂತ.'

'ಝುಬೈದಾಗೂ ನಾನೇ ಫೋನ್ ಮಾಡಿ ಹೇಳ್ತೇನೆ ಭಾಯ್. ಅವರು ನಿಮ್ಮನ್ನು ತಪ್ಪು ತಿಳಿಯುವುದು ಬೇಡ.'

ಅವರು ಗಾಬರಿಯಿಂದ ತಲೆ ಎತ್ತಿದರು. 'ಬೇಡ ಬೇಡ. ಅದೊಂದು ಮಾಡ್ಬೇಡಿ.'

'ಯಾಕೆ?'

'ಅವಳು ಹೋದ ಮೇಲೆ ಮೊದಲು ಮೊದಲು ಫೋನಿನಲ್ಲಿ ಎಂತ ಮಾತಾಡೋದು ಅಂತ ಗೊತ್ತಾಗ್ತಿರಲಿಲ್ಲ. ಊಟ ಆಯ್ತಾ, ಆಯ್ತು. ಮಳೆ ಉಂಟಾ, ಉಂಟು. ಖಲಾಸ್. ಎರಡು ನಿಮಿಷ. ಒಂದು ದಿನ ಅವಳು ಆ ಗೇಟಿನ ವಿಷಯ ತೆಗೆದು ಬೈಲಿಕ್ಕೆ ಶುರು ಮಾಡಿದ್ಳು. ಅರ್ಧ ಗಂಟೆ ಬೈದಳು. ನಾನು ಬಿಸಿಲಿಗೆ ಕರ್ಚೀಫು ಹಿಡಿದದ್ದು, ಅಫ್ರಾ ಪೊಲೀಸರ ಹತ್ರ ಇಂಗ್ಲಿಷ್ ಬಿಟ್ಟದ್ದು, ಎಲ್ಲ ಬಂತು. ಈಗ ದಿನಾ ಅದೇ. ಬೈತಾ ಬೈತಾ ನಗ್ತಾಳೆ. ನೀವು ಸತ್ಯ ಹೇಳಿದ್ರೆ ಅವಳು ನಾಳೆಯಿಂದ ಎಂತಕ್ಕೆ ಬೈಯೋದು? ಮತ್ತೆ ಊಟ ಆಯ್ತಾ, ಆಯ್ತು ಅಂತ... ಆ ತಪ್ಪು ನನ್ನ ಹತ್ರವೇ ಇರ್ಲಿ ಟೀಚರೇ.'

ಅಷ್ಟು ತಿಂಗಳು ಹೊತ್ತು ತಂದದ್ದನ್ನು ಇಳಿಸಲು ಬಂದರೆ, ಅದರಲ್ಲಿ ಅರ್ಧವನ್ನು ಮತ್ತೆ ನನ್ನ ತಲೆಗೇ ಏರಿಸುತ್ತಿದ್ದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಝುಬೈದಾ. ಟೀ ಬಿಡುವಿನ ಹೊತ್ತು ಅವರಿಗೆ ಗೊತ್ತಿತ್ತು. ಬ್ಯಾರಿ ಭಾಷೆಯಲ್ಲಿ ನಾಲ್ಕು ಮಾತಾಗಿ, ಟೀಚರ್ ಬಂದಿದ್ದಾರೆ ಎಂದು ಹಮೀದ್ ಭಾಯ್ ಹೇಳಿದ್ದು ನನಗೆ ಅರ್ಥವಾಯಿತು. ಅವರು ಫೋನನ್ನು ನನ್ನ ಕೈಗೆ ಕೊಟ್ಟರು.

'ಟೀಚರೇ, ಚೆನ್ನಾಗಿದ್ದೀರಾ? ನೀವಾದ್ರೂ ಸರಿಯಾಗಿ ಹೇಳಿ, ನೀವು ಅಲ್ಲೇ ಇದ್ರಲ್ಲ. ಆ ಕೋತಿ ನೋಡ್ಬೇಕು ಅಂತ ಹೇಳಿದ್ದು ಇವರೇ ಅಲ್ವಾ? ಈಗ ನೆನಪಿಲ್ಲ ಅಂತಾರೆ, ಕಳ್ಳ!'

ಹಮೀದ್ ಭಾಯ್ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು.

'ಹೌದು ಝುಬೈದಾ,' ಎಂದೆ. 'ಅವರೇ ಹೇಳಿದ್ದು. ನಾನು ಎಷ್ಟು ಬೇಡ ಅಂದರೂ ಕೇಳಲಿಲ್ಲ.'

'ನಾನು ಹೇಳ್ಲಿಲ್ವಾ!' ಎಂದು ಝುಬೈದಾ ಅಲ್ಲಿ ಗೆದ್ದವರ ಹಾಗೆ ನಕ್ಕರು. 'ಫೋನ್ ಕೊಡಿ ಅವರಿಗೆ.'